ಹೆಮ್ಮಾಡಿ ಬೈಲಿನ ಅಡಿಗೊಂದು ಸಮುದ್ರ

"ನಿಮ್ಮ ಅಪ್ಪಯ್ಯ ತಪ್ಪು ಕಂಡಿರಬೇಕು" ಎಂದು ಆ ಹೆಂಗಸಿಗೆ ಹೇಳಿದ್ದು ಯಾರು ಎಂಬುದು ನನಗೆ ಈಗ ಖಚಿತವಿಲ್ಲ. ಬಹಳ ದಿನ ಅದು ನಮ್ಮ ಸ್ಪರ್ಧೆಯ ತೀರ್ಪುಗಾರರಾಗಿದ್ದ ನಿವೃತ್ತ ಪ್ರೊಫೆಸರರ ಮಾತೆಂದು ನಂಬಿಕೊಂಡಿದ್ದೆ. ಆದರೆ ನೆನಪಿನಲ್ಲಿ ಆ ವಾಕ್ಯದ ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಪ್ರೊಫೆಸರರು ತೆಕ್ಕಟ್ಟೆಯ ಆಕೆಯ ಹೊಲಿಗೆ ಅಂಗಡಿಗೆ ಒಮ್ಮೆಯೂ ಬಂದವರಲ್ಲ. ಹೋದವನು ನಾನೊಬ್ಬನೇ. ಆ ದಿನ ಮಳೆ ಬರುತ್ತಿತ್ತು ಎಂದೂ ನೆನಪಿದೆ. ಟಿಪ್ಪಣಿ ಪುಸ್ತಕದಲ್ಲಿ 'ಬಿಸಿಲು, ಧೂಳು' ಎಂದು ನನ್ನದೇ ಕೈಬರಹವಿದೆ. ಹಾಗಾಗಿ ಮುಂದಿನ ಬರಹದಲ್ಲಿ ಅಳತೆಗಳೆಲ್ಲ ಪುಸ್ತಕದವು, ಮಾತುಗಳು ನೆನಪಿನವು. ಎರಡನ್ನೂ ಒಂದೇ ತೂಕದಲ್ಲಿ ನಂಬಬೇಡಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಜನರಿಗೆ ತಮ್ಮ ಕಾಲಡಿಯ ನೆಲದ ಬಗ್ಗೆ ಒಂದಿಷ್ಟು ಕುತೂಹಲ ಹುಟ್ಟಲಿ ಎಂದು ಕೆಲವು ಶಿಕ್ಷಕರು ಸೇರಿ ನಡೆಸಿದ ಸ್ಪರ್ಧೆ ಅದು. 'ನಮ್ಮೂರ ಮಣ್ಣಲ್ಲಿ ನಮ್ಮೂರ ಚಿತ್ರ' ಎಂದು ಹೆಸರಿಟ್ಟಿದ್ದರು. ವಯಸ್ಸಿನ ಮಿತಿ ಇರಲಿಲ್ಲ. ಅಂಗಡಿಯ ಬಣ್ಣ ಕೂಡದು. ಊರಿನ ಮಣ್ಣು, ಮರಳು, ಕಲ್ಲಿನ ಪುಡಿ, ಬೇಕಾದರೆ ಅಂಟು. ಜೊತೆಗೆ ಒಂದು ಪುಟದ ಬರಹ: ಮಣ್ಣು ಎಲ್ಲಿಯದು, ಅದಕ್ಕೆ ಆ ಬಣ್ಣ ಏಕೆ ಬಂತು. ಭೂವಿಜ್ಞಾನ ಓದಿದವನು ಎಂಬ ಕಾರಣಕ್ಕೆ ನಿಯಮ ಬರೆಯುವ ಕೆಲಸ ನನಗೆ ಬಂತು. ನಾಲ್ಕನೆಯ ನಿಯಮವನ್ನು ನಾನು ಬಹಳ ಹುರುಪಿನಿಂದ ಬರೆದೆ: 'ನೆಲದ ಬಗ್ಗೆ ಹೇಳಿದ್ದು ನಿಜವಾಗಿರಬೇಕು. ಸ್ಥಳ ಪರಿಶೀಲನೆಯಲ್ಲಿ ತಪ್ಪೆಂದು ಕಂಡರೆ ಪ್ರವೇಶ ರದ್ದು.' ಪರಿಶೀಲನೆ ಮಾಡಬೇಕಾದವನೂ ನಾನೇ ಎಂದು ಆಮೇಲೆ ತಿಳಿಯಿತು.

ಪ್ರದರ್ಶನಕ್ಕೆ ಮೂರು ವಾರ ಇತ್ತು. ನಲವತ್ತಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು. ನಾನು ಸ್ಕೂಟರಿನಲ್ಲಿ ಒಂದು ಮಸೂರ, ದುರ್ಬಲ ಆಮ್ಲದ ಪುಟ್ಟ ಬಾಟಲಿ, ಅಳತೆ ಟೇಪು, ಮಣ್ಣು ತುಂಬಲು ಪ್ಲಾಸ್ಟಿಕ್ ಚೀಲಗಳನ್ನು ಇಟ್ಟುಕೊಂಡು ತಿರುಗತೊಡಗಿದೆ. ಒಂದು ಕಡೆ ಕೂತು ಮಾಡುವ ಕೆಲಸ ನನಗೆ ಎಂದೂ ಒಗ್ಗಿದ್ದಲ್ಲ. ಈ ತಿರುಗಾಟದಲ್ಲಿ ಮೊದಲ ವಾರ ಬಹಳ ಖುಷಿಯಾಗಿದ್ದೆ. ಓದುವ ಕಾಲದಲ್ಲಿ ಇದೇ ಕರಾವಳಿಯ ಕಲ್ಲುಗಳನ್ನು ಸುತ್ತಿಗೆಯಿಂದ ಒಡೆದು ಮೂಸುತ್ತಾ ತಿರುಗಿದ್ದೆ. ಆಗ ಕಲ್ಲು ಏನು ಹೇಳಿದರೂ ನಂಬುತ್ತಿದ್ದೆ. ಆ ನಂಬಿಕೆ ಯಾವ ವರ್ಷ ಕಳೆದುಹೋಯಿತೋ ತಿಳಿಯದು. ಅದು ಮತ್ತೆ ಸಿಕ್ಕೀತು ಎಂಬ ಆಸೆಯಿಂದಲೇ ಈ ಕೆಲಸ ಒಪ್ಪಿದ್ದೆ ಎಂದು ಈಗ ಅನ್ನಿಸುತ್ತದೆ.

ಸಿಕ್ಕಿದ್ದು ಬೇರೆ. ಬೈಂದೂರಿನ ನಿವೃತ್ತ ನೌಕರರೊಬ್ಬರು ಒತ್ತಿನೆಣೆ ಗುಡ್ಡದ ಕೆಂಪು ಮಣ್ಣಿನಲ್ಲಿ ಸೂರ್ಯಾಸ್ತ ಬಿಡಿಸಿದ್ದರು. ಒದ್ದೆ ಹತ್ತಿಯಿಂದ ಒಂದು ಮೂಲೆ ಒರೆಸಿದೆ. ಹತ್ತಿಗೆ ಹತ್ತಿದ್ದು ನೆಲಕ್ಕೆ ಹಾಕುವ ರೆಡ್ ಆಕ್ಸೈಡ್.

"ಮಣ್ಣ್ ನಮ್ದೇ ಮಾರಾಯ್ರೆ," ಎಂದರು ಅವರು, ಸ್ವಲ್ಪವೂ ನಾಚದೆ. "ಒಣ್ಗದ್ ಮೇಲೆ ಬಿಳ್ಚಿಹೋಯ್ತ್. ಅದ್ಕೆ ಒಂಚೂರ್ ಮೇಕಪ್. ಮದಿಮಗ್ಳಿಗ್ ಮಾಡುದಿಲ್ಯಾ?"

ರದ್ದು ಮಾಡಿದೆ. ಇನ್ನೊಂದರಲ್ಲಿ ಗದ್ದೆಮಣ್ಣೆಂದು ಚಹಾಪುಡಿ ಅಂಟಿಸಿದ್ದರು. ಅದೂ ರದ್ದು. ಹೀಗೆ ಐದಾರು ಕಳೆದ ಮೇಲೆ ನನ್ನ ಕಣ್ಣು ಚಿತ್ರ ನೋಡುವುದನ್ನು ಬಿಟ್ಟು ಸುಳ್ಳು ಹುಡುಕುವುದನ್ನು ರೂಢಿ ಮಾಡಿಕೊಂಡಿತು.

ಆ ಹಲಗೆ ಬಂದದ್ದು ಆಗ. ಕುಂದಾಪುರದಲ್ಲಿ ನಾವು ಚಿತ್ರಗಳನ್ನು ಇಟ್ಟಿದ್ದ ಸಭಾಂಗಣಕ್ಕೆ ರಿಕ್ಷಾದಲ್ಲಿ ಬಂತು, ಹಳೆಯ ಸೀರೆಯಲ್ಲಿ ಸುತ್ತಿಕೊಂಡು. ಬಿಚ್ಚಿದವರು ಸ್ಪರ್ಧೆಯ ಕಾರ್ಯದರ್ಶಿ, ಒಬ್ಬ ಪ್ರೌಢಶಾಲಾ ಶಿಕ್ಷಕಿ. ಬಿಚ್ಚಿದವರೇ ನನ್ನನ್ನು ಕೂಗಿದರು.

"ಸರ್, ಇಲ್ಕಾಣಿ. ಬಾವಿಯೊಳ್ಗೆ ದೋಣಿ ಇತ್ತ್!"

ಆಳೆತ್ತರದ ಹಲಗೆ. ಅದರ ಮೇಲೆ ಒಂದು ಬಾವಿಯನ್ನು ಉದ್ದಕ್ಕೆ ಸೀಳಿದ ಹಾಗೆ ಬಿಡಿಸಿತ್ತು. ಹಗ್ಗ ಹಿಡಿದು ಇಳಿಯುವ ಒಬ್ಬ ಮನುಷ್ಯ. ಅವನ ಸುತ್ತ ಪದರಗಳು: ಮೇಲೆ ಕಂದು ಗದ್ದೆಮಣ್ಣು, ಅದರ ಕೆಳಗೆ ಬೆಳ್ಳಗಿನ ಶೇಡಿ, ಆಮೇಲೆ ಬೂದು ಜೇಡಿ, ಅದರಡಿಗೆ ಕಪ್ಪು ಕೆಸರು, ಎಲ್ಲಕ್ಕಿಂತ ಕೆಳಗೆ ಕಲ್ಲಿನ ಚೂರು. ಕಪ್ಪು ಕೆಸರಿನಲ್ಲಿ ಚಿಪ್ಪಿನ ಸಣ್ಣ ತುಂಡುಗಳನ್ನು ಒತ್ತಿ ಅಲೆಗಳನ್ನು ಮಾಡಿ, ಅಲೆಗಳ ನಡುವೆ ಒಂದು ದೋಣಿ. ಬರಹ ನಾಲ್ಕೇ ಸಾಲು: 'ಇದು ನನ್ನ ತಂದೆಯವರು ಹೆಮ್ಮಾಡಿಯ ಒಳಗಿನ ಬೈಲಿನಲ್ಲಿ ತೋಡಿದ ಬಾವಿ. ಗದ್ದೆಯ ಅಡಿಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂದು ಅವರು ಹೇಳುತ್ತಿದ್ದರು. ಮಣ್ಣೆಲ್ಲ ಅದೇ ಬಾವಿಯದು. ಅವರೇ ತೆಗೆದಿಟ್ಟದ್ದು.'

ಅಷ್ಟು ಒಳ್ಳೆಯ ಚಿತ್ರ ಬೇರೆ ಬಂದಿರಲಿಲ್ಲ. ಅಷ್ಟು ಸ್ಪಷ್ಟವಾದ ತಪ್ಪೂ ಬಂದಿರಲಿಲ್ಲ. ಶೇಡಿ ಎಂದರೆ ಬೇರೆ ಕಡೆಯಿಂದ ಬಂದು ಬಿದ್ದ ಮಣ್ಣಲ್ಲ. ಇದ್ದಲ್ಲೇ ಕಲ್ಲು ಲಕ್ಷಾಂತರ ವರ್ಷ ಕೊಳೆತು ಬೆಣ್ಣೆಯಂತಾದದ್ದು. ಅದರ ಕೆಳಗೆ ಹೊಳೆಯ ಕೆಸರು, ಅದರಲ್ಲಿ ಇನ್ನೂ ಕರಗದ ಚಿಪ್ಪು ಎಂದರೆ, ಮನೆಯ ಅಡಿಗಲ್ಲಿನ ಕೆಳಗೆ ನಿನ್ನೆಯ ಪತ್ರಿಕೆ ಸಿಕ್ಕಿತು ಎಂದ ಹಾಗೆ.

ಪ್ರೊಫೆಸರರು ಕನ್ನಡಕ ಏರಿಸಿ ನೋಡಿದರು. "ಶೇಡಿಯ ಕೆಳಗೆ ಸಮುದ್ರ! ಇದನ್ನು ಕಥಾಸ್ಪರ್ಧೆಗೆ ಕಳಿಸಬೇಕಿತ್ತು."

ನಾನೂ ನಕ್ಕೆ. ಅದು ನೆನಪಿದೆ.

ತೆಕ್ಕಟ್ಟೆಯ ಅಂಗಡಿ ಹೆದ್ದಾರಿಯ ಬದಿಗೇ ಇತ್ತು. ಚಿತ್ರ ಬಿಡಿಸಿದಾಕೆ ನಲವತ್ತೈದರ ಆಸುಪಾಸಿನವರು, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಮಾತಾಡುವವರು. ನನ್ನ ಕೈಯಲ್ಲೂ ಟೇಪು ಕಂಡು ನಕ್ಕರು.

"ಮಣ್ಣ್ ಕಾಂಬುಕೆ ಬಂದ್ರ್ಯಾ? ಕೂಕಣಿ. ಈ ಬ್ಲೌಸಿಂದ್ ಒಂದ್ ಕೈ ಹಚ್ಚಿ ಬತ್ತೆ."

ಬಟ್ಟೆಯ ಕಪಾಟಿನ ಮೇಲಿನ ಅಟ್ಟದಿಂದ ಐದು ಜಾಡಿಗಳನ್ನು ಇಳಿಸಿದರು. ಹಿಂದೆ ಉಪ್ಪಿನಕಾಯಿಗೆ ಬಳಸುತ್ತಿದ್ದ ಗಾಜಿನ ಜಾಡಿಗಳು. ನಾಲ್ಕರ ಕುತ್ತಿಗೆಗೆ ತೆಂಗಿನ ನಾರಿನ ಹುರಿ ಕಟ್ಟಿತ್ತು. ಹುರಿಯಲ್ಲಿ ಗಂಟುಗಳು.

"ಅಪ್ಪಯ್ಯಂಗೆ ಬರೂಕ್ ಬತ್ತಿರ್ಲಿಲ್ಲೆ. ಮಣ್ಣ್ ಬದ್ಲಾದಲ್ಲೆಲ್ಲ ಒಂದ್ ಜಾಡಿ ತುಂಬ್ಸಿ ಗಂಟ್ ಹಾಕ್ತಿದ್ರ್. ಒಂದ್ ಗಂಟ್ ಅಂದ್ರೆ ಒಂದ್ ಕೋಲ್ ಆಳ."

ಬಾವಿ ತೋಡುವವರ ಕೋಲು ಎಂದರೆ ಎರಡೂವರೆ ಅಡಿಯ ಹತ್ತಿರ. ನಾನು ಎಣಿಸಿ ಬರೆದುಕೊಂಡೆ. ಕಂದು ಮಣ್ಣು, ಒಂದು ಗಂಟು. ಬೂದು ಜೇಡಿ, ಮೂರು. ಕಪ್ಪು ಕೆಸರು, ಆರು. ಕಲ್ಲಿನ ಚೂರು, ಹತ್ತು. ಶೇಡಿಯ ಜಾಡಿಗೆ ಹುರಿಯಿರಲಿಲ್ಲ. ಅದು ಬಹುಪಾಲು ಖಾಲಿಯಾಗಿತ್ತು.

"ಇದಕ್ಕೆ ಎಷ್ಟು ಗಂಟಿತ್ತು?"

"ತೆಗ್ದ್ ತೆಗ್ದ್ ಹುರಿ ಹರ್ದ್ ಹೋಯ್ತ್. ಸೋಣೆ ತಿಂಗ್ಳಗೆ ಹೊಸ್ಲ್ ಬರೂಕೆ ನಂಗ್ ಅದೇ ಶೇಡಿ."

ಮಳೆಗಾಲದ ಸೋಣೆ ತಿಂಗಳಲ್ಲಿ ಈ ಕಡೆಯ ಹೆಂಗಸರು ದಿನವೂ ಹೊಸ್ತಿಲು ತೊಳೆದು, ಶೇಡಿ ಕಲಸಿ ಗೆರೆ ಬರೆದು, ಹೂವಿಟ್ಟು ಪೂಜಿಸುತ್ತಾರೆ. ಅಂಗಡಿಯಲ್ಲಿ ಉಂಡೆಗೆ ಇಷ್ಟೆಂದು ಶೇಡಿ ಸಿಗುತ್ತದೆ. ಇವರು ಅಪ್ಪ ತೀರಿಕೊಂಡಾಗಿನಿಂದ ಈ ಜಾಡಿಯದನ್ನೇ ಚಿಟಿಕೆ ಚಿಟಿಕೆಯಾಗಿ ಬಳಸುತ್ತಿದ್ದರು.

"ಎಷ್ಟು ಗಂಟು ಎಂದು ನೆನಪಿಲ್ಲವೇ?" ಎಂದು ಮತ್ತೆ ಕೇಳಿದೆ.

ಅವರು ಯಂತ್ರದ ಸೂಜಿಗೆ ನೂಲು ಪೋಣಿಸುತ್ತಾ "ಇಲ್ಲೆ" ಎಂದರು.

ಆಮೇಲೆ ಬಾವಿಯ ಕಥೆ ಹೇಳಿದರು. ಬಾವಿ ತೋಡಿದ ಮೊದಲ ವರ್ಷವೇ ನೀರು ಉಪ್ಪಾಯಿತು. ಕಪ್ಪು ಕೆಸರು ಕಂಡ ದಿನವೇ ಅವರ ತಂದೆ ಗದ್ದೆಯ ಒಡೆಯರಿಗೆ ಹೇಳಿದ್ದರಂತೆ, ಇಲ್ಲಿ ಹಿಂದೆ ಸಮುದ್ರ ಇತ್ತು, ನೀರು ಸಿಹಿ ಇರಲಾರದು ಎಂದು. ಯಾರೂ ಕೇಳಲಿಲ್ಲ. ನೀರು ಕೆಟ್ಟ ಮೇಲೆ, ಜಾಗ ತಪ್ಪಿ ತೋಡಿ ಈಗ ಸಮುದ್ರದ ಕಥೆ ಕಟ್ಟುತ್ತಾನೆ ಎಂದರು.

"ಊರಂಗ್ ಎಲ್ಲಾ ನೆಗಾಡಿದ್ರ್. 'ಸಮುದ್ರ ಮೇಸ್ತ್ರಿ' ಅಂದ್ ಹೆಸ್ರ್ ಇಟ್ರ್. ಅದ್ರ್ ಮೇಲೆ ಅವ್ರಿಗ್ ಒಂದ್ ಬಾವಿಯೂ ಸಿಕ್ಲಿಲ್ಲೆ. ಸಾಯು ಮುಂಚಿನ್ ದಿನವೂ ಹೇಳ್ತಿದ್ರ್, 'ಅಲ್ಲ್ ಸಮುದ್ರ ಇದ್ದಿತ್ ಹೆಣೆ, ನಾನ್ ಕಂಡಿದೆ' ಅಂದ್."

ಆಗಲೇ, ನನ್ನ ಈಗಿನ ಲೆಕ್ಕದಲ್ಲಿ, ಮೊದಲಿಗೇ ಬರೆದ ಆ ವಾಕ್ಯವನ್ನು ನಾನು ಹೇಳಿರಬೇಕು. ಯಂತ್ರ ನಿಂತಿತು.

"ತಪ್ಪ್ ಕಂಡಿರ್ಲಕ್ಕ್," ಎಂದರು ಅವರು ನಿಧಾನಕ್ಕೆ. "ನಂಗ್ ಬಹುಮಾನ ಎಂತಕೆ ಸರ್? ಅಪ್ಪಯ್ಯ ಹೇಳದ್ದ್ ಸುಳ್ಳಲ್ಲ ಅಂದ್ ಒಂದ್ ಕಡೆ ಬರ್ದ್ ಹಾಕಿ, ಸಾಕ್. ಕಲ್ತವ್ರ್ ಬರ್ದದ್ದ್ ಬೇಕ್. ಊರಿನವ್ರ್ ಬಂದ್ ಓದ್ಕ್."

ವಾರದ ಕೊನೆಯ ಸಭೆಯಲ್ಲಿ ರದ್ದಾಗುವ ಚಿತ್ರಗಳ ಪಟ್ಟಿಗೆ ನಾನು ಸಹಿ ಮಾಡಬೇಕಿತ್ತು. ಹಲಗೆಯ ಹೆಸರು ಕೊನೆಯದು. ಪ್ರೊಫೆಸರರು ಪೆನ್ನು ನನ್ನ ಕಡೆ ಸರಿಸಿದರು. ಕಾರಣದ ಅಂಕಣದಲ್ಲಿ 'ನಿಯಮ ೪' ಎಂದು ಕಾರ್ಯದರ್ಶಿ ಬರೆದಾಗಿತ್ತು. ನಾನು ಸಹಿ ಮಾಡಲಿಲ್ಲ. ಕರುಣೆಯಿಂದ ಎಂದು ಹೇಳಿದರೆ ಚಂದ ಕಾಣುತ್ತದೆ. ಆದರೆ ನನ್ನನ್ನು ಚುಚ್ಚುತ್ತಿದ್ದದ್ದು ಗಂಟುಗಳು. ಓದು ಬಾರದ ಒಬ್ಬ ಮನುಷ್ಯ ಆಳವನ್ನು ಗಂಟಿನಲ್ಲಿ ದಾಖಲಿಸಿದ್ದ. ಹಾಗೆ ದಾಖಲಿಸುವವನು ಪದರ ಅದಲುಬದಲು ಮಾಡುತ್ತಾನೆಯೇ? ನಾನು ಪದವಿ ಪಡೆದ ವರ್ಷದ ನನ್ನದೇ ಪುಸ್ತಕಗಳಲ್ಲಿ ಅಷ್ಟು ಶಿಸ್ತು ಇರಲಿಲ್ಲ.

"ನಿಯಮದಲ್ಲಿ 'ಸ್ಥಳ ಪರಿಶೀಲನೆಯಲ್ಲಿ' ಎಂದಿದೆ. ನಾನು ಸ್ಥಳಕ್ಕೆ ಇನ್ನೂ ಹೋಗಿಲ್ಲ. ಎರಡು ದಿನ ಕೊಡಿ. ಬಾವಿಯ ಪಕ್ಕ ಒಂದು ರಂಧ್ರ ಕೊರೆಯುತ್ತೇನೆ," ಎಂದೆ.

"ಚಿತ್ರಸ್ಪರ್ಧೆಗೆ ಬೋರ್ ಹೊಡೆಸುವ ಮೊದಲ ಮನುಷ್ಯ ನೀವು," ಎಂದರು ಪ್ರೊಫೆಸರರು.

ಬ್ರಹ್ಮಾವರಕ್ಕೆ ಹೋಗಿ, ಮಣ್ಣು ಪರೀಕ್ಷೆ ಮಾಡುವ ಪರಿಚಯದವರೊಬ್ಬರಿಂದ ಕೈಯಿಂದ ತಿರುಗಿಸುವ ಕೊರೆಗೋಲು ತಂದೆ. ಮೂರು ಅಂಗುಲ ಅಗಲದ ಉಕ್ಕಿನ ಬಟ್ಟಲು, ಅದಕ್ಕೆ ತಿರುಪಿನಿಂದ ಜೋಡಿಸುವ ಮೀಟರು ಉದ್ದದ ಆರು ಸರಳು, ಮೇಲೆ ಅಡ್ಡ ಹಿಡಿಕೆ. ಆರು ಮೀಟರಿಗಿಂತ ಹೆಚ್ಚು ಆಳ ಹೋಗುವಂತಿಲ್ಲ.

ಬೈಲಿನಲ್ಲಿ ಕೊಯ್ಲು ಮುಗಿದಿತ್ತು. ಬಾವಿಗೆ ಕಾಂಕ್ರೀಟಿನ ಉಂಗುರ ಇಳಿಸಿ ಮುಚ್ಚಳ ಹಾಕಿದ್ದರು, ಒಳಗಿನ ಪದರ ಕಾಣುವ ಹಾಗಿರಲಿಲ್ಲ. ಗದ್ದೆಯ ಈಗಿನ ಒಡೆಯರು ಮುಂಬಯಿಯಲ್ಲಿ ಹೋಟೆಲು ನಡೆಸಿ ಮರಳಿದವರು. ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಡಿಸಿ ಕೂತರು.

"ಹ್ವಾಯ್, ತೋಡಿ ತೋಡಿ! ಪೆಟ್ರೋಲ್ ಸಿಕ್ರೆ ಅರ್ಧ ನಂಗೆ, ಕ್ಯಾ?" ಎಂದವರು, ನನ್ನ ಹಿಂದೆ ಬರುತ್ತಿದ್ದ ಹೊಲಿಗೆಯ ಹೆಂಗಸನ್ನು ಕಂಡು ಕೊಡೆ ಓರೆ ಮಾಡಿದರು. "ಸಮುದ್ರ ಮೇಸ್ತ್ರಿ ಮಗ್ಳಲ್ದಾ? ನಮ್ ಅಪ್ಪಯ್ಯ ಬಾವಿ ತೋಡ್ ಅಂದ್ರೆ ನಿನ್ನಪ್ಪ ಬಂದರ್ ತೋಡಿ ಕೊಟ್ಟ, ಬಂದರ್!"

"ಹೌದ್ ಒಡೆಯ," ಎಂದರು ಆಕೆ. "ಬಂದರ್ ರೆಡಿ ಇತ್ತ್. ನೀವ್ ದೋಣಿ ತಕಂಡ್ ಬನ್ನಿ."

ಒಡೆಯರು ಬಿದ್ದು ಬಿದ್ದು ನಕ್ಕರು. ಆಕೆ ನಗಲಿಲ್ಲ.

ಮೊದಲ ರಂಧ್ರ ಬಾವಿಯ ಹತ್ತಿರವೇ ಹಾಕಿದೆ. ನಾಲ್ಕು ಅಡಿಗೆ ಖಣ್ ಎಂದು ನಿಂತಿತು. ಕಟ್ಟೆ ಕಟ್ಟುವಾಗ ಸುತ್ತಲೂ ಕೆಂಪು ಮುರಕಲ್ಲು ತುಂಬಿಸಿದ್ದರಂತೆ. ಹನ್ನೆರಡು ಹೆಜ್ಜೆ ದೂರ ಸರಿದು ಎರಡನೆಯದು ಶುರು ಮಾಡಿದೆ. ಅರ್ಧ ಸೀಳಿದ ಪ್ಲಾಸ್ಟಿಕ್ ಪೈಪನ್ನು ನೆಲದ ಮೇಲಿಟ್ಟು, ಪ್ರತಿ ಸಲ ಬಟ್ಟಲಲ್ಲಿ ಬಂದ ಮಣ್ಣನ್ನು ಅದೇ ಕ್ರಮದಲ್ಲಿ ಅದರೊಳಗೆ ಮಲಗಿಸುತ್ತಾ ಹೋದೆ. ಕಂದು. ಆಮೇಲೆ ಬೂದು. ಹತ್ತು ಅಡಿ ದಾಟುವಾಗ ಜೇಡಿ ಕೊರೆಗೋಲನ್ನು ಹೀರಿ ಹಿಡಿಯಿತು. ನಾನು ಆತುರದಲ್ಲಿ ತಿರುಗಿಸಬಾರದ ದಿಕ್ಕಿಗೆ ತಿರುಗಿಸಿದೆ. ತಿರುಪು ಬಿಚ್ಚಿ ಸರಳು ಮಾತ್ರ ಮೇಲೆ ಬಂತು. ಬಟ್ಟಲು ಕೆಳಗೆ ಉಳಿಯಿತು.

ಸಾಲ ತಂದ ವಸ್ತು. ಇನ್ನೊಂದು ಬಟ್ಟಲಿರಲಿಲ್ಲ. ತಂತಿ ಬಗ್ಗಿಸಿ ಹಾಕಿದೆ, ಸರಳಿನ ತುದಿಗೆ ಕೊಕ್ಕೆ ಕಟ್ಟಿ ನೋಡಿದೆ. ಆಗಲಿಲ್ಲ. ಗದ್ದೆಯಲ್ಲಿ ಸುಮ್ಮನೆ ಸುತ್ತು ಹೊಡೆಯತೊಡಗಿದೆ.

"ಸರ್, ಒಂದ್ ಕಡೆ ನಿಲ್ಲಿ. ನಿಮ್ನ್ ಕಂಡ್ ನಂಗ್ ತಲೆ ತಿರ್ಗತ್ತ್," ಎಂದರು ಆಕೆ. "ಅಪ್ಪಯ್ಯನ್ ಪಾತಾಳಗರಡಿ ಮನೆಗ್ ಇತ್ತ್. ಬಸ್ಸಗ್ ಹೋಯಿ ತಕಂಡ್ ಬತ್ತೆ."

ಬಾವಿಗೆ ಬಿದ್ದ ಕೊಡಪಾನ ಎತ್ತುವ ಪಾತಾಳಗರಡಿ ಬಳೆಯಗಲದ ಕೊಕ್ಕೆಗಳ ಗೊಂಚಲು. ಮೂರು ಅಂಗುಲದ ರಂಧ್ರಕ್ಕೆ ಹೋಗುವ ವಸ್ತುವಲ್ಲ. ಅದನ್ನು ಹೇಳುವ ಮೊದಲೇ ಆಕೆ ಬದು ದಾಟಿದ್ದರು. ಮಧ್ಯಾಹ್ನ ದಾಟಿ ಬಂದಾಗ ಗೊಂಚಲಿನಿಂದ ಒಂದೇ ಕೊಕ್ಕೆ ಬಿಡಿಸಿ ತಂದಿದ್ದರು. ಹಗ್ಗಕ್ಕೆ ಕಟ್ಟಿ ತಾನೇ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಹಗ್ಗವನ್ನು ಬೆರಳ ತುದಿಯಲ್ಲಿ ಆಡಿಸಿದರು. ಎಷ್ಟು ಹೊತ್ತೋ. ಒಮ್ಮೆ ಕೈ ನಿಂತಿತು. "ಸಿಕ್ತ್. ಎಳೀಬೇಡಿ, ನಾನ್ ಎಳಿತೆ." ಹೀರಿ ಹಿಡಿದಿದ್ದ ಬಟ್ಟಲು ಒಬ್ಬರ ಬಲಕ್ಕೆ ಬರಲಿಲ್ಲ. ಒಡೆಯರು ಕುರ್ಚಿಯಿಂದ ಎದ್ದು, ಪ್ಯಾಂಟು ಮಡಚಿ, ಕೊಡೆ ಬಿಸಾಡಿ ಹಗ್ಗಕ್ಕೆ ಕೈ ಹಾಕಿದರು. ಮೂವರೂ ಹಿಂದಕ್ಕೆ ಬಿದ್ದೆವು. ಬಟ್ಟಲು ನಮ್ಮ ನಡುವೆ ಬಿತ್ತು.

ಮರುದಿನ ಬೆಳಿಗ್ಗೆ ಅದೇ ರಂಧ್ರದಲ್ಲಿ ಮುಂದುವರಿದೆ. ಹದಿನಾಲ್ಕು ಅಡಿಗೆ ಬಣ್ಣ ಬದಲಾಯಿತು. ಬಟ್ಟಲಿನಲ್ಲಿ ಇದ್ದಿಲಿನ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅದರಲ್ಲಿ ಬಿಳಿಯ ಚೂರುಗಳು. ಒಂದರ ಮೇಲೆ ಆಮ್ಲದ ಹನಿ ಬಿಟ್ಟೆ, ನೊರೆ ಬಂತು. ಚಿಪ್ಪು.

ಹೊಳೆ ಸಮುದ್ರ ಸೇರುವ ಕಡೆ, ಇಳಿತದ ಹೊತ್ತಿಗೆ ಬರುವ ವಾಸನೆ ಅದು. ಸಮುದ್ರ ಅಲ್ಲಿಂದ ಕಾಣುವುದಿಲ್ಲ, ಕೇಳುವುದೂ ಇಲ್ಲ. ಒಣಗಿದ ಗದ್ದೆಯ ನಡುವೆ ಕೂತು ಕೈತುಂಬ ಆ ವಾಸನೆ ಹಿಡಿದುಕೊಂಡಾಗ, ಹಿಂದೆಂದೋ ಅಲ್ಲಿ ನಿಂತಿದ್ದ ನೀರನ್ನು ನೋಡಬೇಕೆಂದು ವಿಪರೀತ ಆಸೆಯಾಯಿತು. ವಿದ್ಯಾರ್ಥಿಯಾಗಿದ್ದಾಗ ಆಗುತ್ತಿದ್ದ ಆಸೆ. ಪಕ್ಕದಲ್ಲಿ ಆಕೆ ಚೂರೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಯಾರನ್ನು ನೋಡಬೇಕೆಂದು ಅವರಿಗೆ ಆಸೆಯಾಗಿತ್ತು ಎಂದು ಕೇಳುವ ಅಗತ್ಯವಿರಲಿಲ್ಲ.

ನಾನು ನಿಲ್ಲಿಸಬಹುದಿತ್ತು. ಆದರೆ ಶೇಡಿ ಎಲ್ಲೂ ಬಂದಿರಲಿಲ್ಲ. ಕೊನೆಯ ಸರಳು ಜೋಡಿಸಿದೆ. ಹತ್ತೊಂಬತ್ತು ಅಡಿಗೆ, ಇನ್ನು ಅರ್ಧ ಅಡಿ ಸರಳು ಉಳಿದಿದ್ದಾಗ, ಬಟ್ಟಲು ಬೆಳ್ಳಗೆ ಬಂತು. ಗುಲಾಬಿ ಛಾಯೆಯ ಜಿಗುಟು ಶೇಡಿ. ಕಪ್ಪು ಕೆಸರಿನ ಕೆಳಗೆ. ಪುಸ್ತಕ ಹೇಳುವಂತೆಯೇ: ಹಳೆಯ ನೆಲ ಅಡಿಗೆ, ಅದರ ಮೇಲೆ ಬಂದು ಕೂತ ಹೊಸ ಕೆಸರು.

ಆಕೆ ಆ ಬಿಳಿಯನ್ನು ನೋಡಿ ತಲೆ ತಗ್ಗಿಸಿದರು.

"ಅದ್ ಎಂಟ್ ಗಂಟಿಂದ್. ನಂಗ್ ಗೊತ್ತಿತ್ತ್."

"ಗೊತ್ತಿದ್ದೂ ಮೇಲೆ ಏಕೆ ಬರೆದಿರಿ?"

"ಹೊಸ್ಲಿಗ್ ಬರು ಶೇಡಿ ಸರ್. ಅದನ್ನ ನಾತ ಕೆಸ್ರಿನ್ ಅಡಿಗ್ ಹ್ಯಾಂಗ್ ಹಾಕುದ್? ಕೈ ಬರ್ಲಿಲ್ಲೆ. ಒಂಚೂರ್ ಮೇಲ್ಬರದ್ರೆ ಅಪ್ಪಯ್ಯ ಎಂತ ಹೇಳ್ತ್ರ್ ಅಂದ್ಕಂಡೆ."

ಅಪ್ಪ ಸರಿಯಾಗಿ ಕಂಡಿದ್ದರು, ಸರಿಯಾಗಿ ಗಂಟು ಹಾಕಿಟ್ಟಿದ್ದರು. ಮಗಳು ಶೇಡಿಯ ಮರ್ಯಾದೆಗೆಂದು ಆ ಒಂದು ಪದರವನ್ನು ಮೇಲೆತ್ತಿದ್ದರು. ಅಷ್ಟಕ್ಕೇ ನನ್ನಂಥವನ ಕಣ್ಣಿಗೆ ಇಡೀ ಬಾವಿ ಸುಳ್ಳಾಗಿತ್ತು.

ಸಭೆಯಲ್ಲಿ ನಾನು ಪೈಪಿನೊಳಗಿನ ಮಣ್ಣನ್ನೇ ಮೇಜಿನ ಮೇಲಿಟ್ಟೆ. ಪ್ರೊಫೆಸರರು ಒಳ್ಳೆಯ ವಿಜ್ಞಾನಿ. ಹತ್ತು ನಿಮಿಷ ಮಸೂರದಲ್ಲಿ ನೋಡಿದರು. ಆಮೇಲೆ ಮಸೂರ ಕೆಳಗಿಟ್ಟು ಬೆರಳು ಮಡಚಿದರು.

"ಒಂದು, ಚಿತ್ರದ ಕ್ರಮ ತಪ್ಪು. ನೀವೇ ತೋರಿಸಿದ್ದೀರಿ. ಎರಡು, ಈ ಚಿಪ್ಪು ಉಪ್ಪುನೀರಿನ ಹೊಳೆಯ ಕಪ್ಪೆಚಿಪ್ಪು, ಬಳಚು. ಬಳಚು ತಿನ್ನದ ಮನೆ ಈ ಊರಲ್ಲಿ ಯಾವುದಿದೆ? ತಿಂದು ಎಸೆದದ್ದು ಯಾವುದೋ ನೆರೆಗೆ ಬಂದು ಕೂತಿರಬಹುದು. ಅಲ್ಲೇ ಹುಟ್ಟಿ ಅಲ್ಲೇ ಸತ್ತದ್ದು ಎಂದು ಹೇಗೆ ಹೇಳುತ್ತೀರಿ? ಎಲ್ಲ ಚೂರು ಚೂರು."

ಚೂರು ಮಾಡಿದ್ದು ನನ್ನ ಕೊರೆಗೋಲಿನ ಅಲಗೇ ಇರಬಹುದು. ಇರಬಹುದು ಎನ್ನುವುದು ಸಾಕ್ಷಿಯಲ್ಲ. ಹಲಗೆಯನ್ನು ಸ್ಪರ್ಧೆಯಿಂದ ಹೊರಗಿಟ್ಟು, ಪ್ರದರ್ಶನದಲ್ಲಿ ಮಾತ್ರ ಇಡುವುದೆಂದು ತೀರ್ಮಾನವಾಯಿತು. ಪಕ್ಕದಲ್ಲಿ ನಮ್ಮ ರಂಧ್ರದ ಮಣ್ಣಿನ ಪೈಪು. ವಿವರದ ಚೀಟಿ ಬರೆಯಬೇಕಾದವನು ನಾನು. ಅರ್ಧ ದಿನ ಕೂತು ಬರೆದೆ, ಹರಿದೆ, ಬರೆದೆ. ಕೊನೆಗೆ ಉಳಿದದ್ದು ಇಷ್ಟು: 'ಈ ಗದ್ದೆಯಲ್ಲಿ ಹದಿನಾಲ್ಕು ಅಡಿ ಕೆಳಗೆ ಚಿಪ್ಪುಗಳಿರುವ ಕಪ್ಪು ಕೆಸರಿದೆ. ಚಿಪ್ಪುಗಳು ಅಲ್ಲಿಯೇ ಬದುಕಿದ್ದವೇ, ಬೇರೆಡೆಯಿಂದ ಬಂದವೇ ಎಂಬುದು ತಿಳಿದಿಲ್ಲ.'

ಪ್ರದರ್ಶನಕ್ಕೆ ಜನ ಚೆನ್ನಾಗಿಯೇ ಬಂದರು. ಬಹುಮಾನ ಮರವಂತೆಯ ಕಪ್ಪು ಮರಳಿನಲ್ಲಿ ಬಿಡಿಸಿದ ಒಂದು ಅಲೆಗೆ ಹೋಯಿತು. ಹಲಗೆಯ ಮುಂದೆ ಗದ್ದೆಯ ಒಡೆಯರು ನೆಂಟರಿಷ್ಟರನ್ನು ನಿಲ್ಲಿಸಿಕೊಂಡು "ಈ ಬೋರಿಗೆ ನಾನೂ ಕೈ ಹಾಕಿದೆ" ಎಂದು ವಿವರಿಸುತ್ತಿದ್ದರು. ಚೀಟಿ ಓದಿದ ಒಬ್ಬರು "ಹಾಂಗಾರೆ ಸಮುದ್ರ ಇದ್ದಿತಾ ಇಲ್ಯಾ?" ಎಂದು ಕೇಳಿದರು. "ಸರ್ಕಾರಕ್ಕೇ ಗೊತ್ತಿಲ್ಲೆ, ನಮ್ ಸಮುದ್ರ ಮೇಸ್ತ್ರಿಗ್ ಗೊತ್ತಿದ್ದಿತ್ ಕಾಣಿ," ಎಂದರು ಒಡೆಯರು. ಎಲ್ಲ ನಕ್ಕರು.

ಆಕೆ ಸಂಜೆ ಬಂದರು, ಅಂಗಡಿ ಮುಚ್ಚಿ, ಒಳ್ಳೆಯ ಸೀರೆ ಉಟ್ಟು. ಚೀಟಿಯನ್ನು ಎರಡು ಸಲ ಓದಿದರು.

"ನಿಮ್ಗೂ ಗೊತ್ತಿಲ್ಲೆ ಅಲ್ದಾ ಸರ್?"

"ಗೊತ್ತಿಲ್ಲ," ಎಂದೆ.

"ಸುಳ್ಳ್ ಅಂದೂ ಬರೀಲಿಲ್ಲೆ. ಆಯ್ತ್." ಹಲಗೆಯನ್ನು ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿ ರಿಕ್ಷಾದಲ್ಲಿಟ್ಟುಕೊಂಡು ಹೋದರು.

ಆಮೇಲಿನ ವಾರಗಳಲ್ಲಿ ನಾನು ಹೆದ್ದಾರಿಯಲ್ಲಿ ಹೋಗುವಾಗ ತೆಕ್ಕಟ್ಟೆ ಬಂದರೆ ವೇಗ ಹೆಚ್ಚಿಸುತ್ತಿದ್ದೆ. ಒಂದು ದಿನ ಗಂಗೊಳ್ಳಿಯ ಕಡೆ ಹೊಳೆದಂಡೆಯಲ್ಲಿ ಹೆಂಗಸರು ಬಳಚು ಆರಿಸುವುದನ್ನು ನೋಡುತ್ತಾ ನಿಂತಿದ್ದೆ. ಒಬ್ಬರು ಹೇಳಿದರು, ಬೇಯಿಸಿದರೆ ಬಳಚು ಬಾಯಿ ಬಿಡುತ್ತದೆ, ಮಾಂಸ ತೆಗೆದ ಮೇಲೆ ಚಿಪ್ಪಿನ ಎರಡು ಹೋಳುಗಳನ್ನು ಬೇರೆ ಬೇರೆಯಾಗಿ ಎಸೆಯುತ್ತೇವೆ ಎಂದು. ನೀರಿನಲ್ಲಿ ಸತ್ತು ಉರುಳಿದವುಗಳ ಹೋಳುಗಳೂ ಬೇಗ ಬೇರೆಯಾಗುತ್ತವೆ. ಕೆಸರಿನೊಳಗೆ ಹೂತುಕೊಂಡು ಬದುಕಿ, ಹೂತಲ್ಲೇ ಸತ್ತವು ಮಾತ್ರ ಮುಚ್ಚಿದಂತೆ ಉಳಿಯುತ್ತವೆ. ಇದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿದ್ದ ಪಾಠ. ರಂಧ್ರದ ಚಿಪ್ಪುಗಳನ್ನು ಅಲಗು ಒಡೆದಿತ್ತು. ಆದರೆ ಮೇಸ್ತ್ರಿ ಜಾಡಿ ತುಂಬಿದ್ದು ಕೈಯಿಂದ. ಆ ಜಾಡಿಯ ಕೆಸರು ಆ ಗದ್ದೆಯದೇ ಎನ್ನಲು ಈಗ ನಮ್ಮ ರಂಧ್ರವೇ ಸಾಕ್ಷಿ. ಜಾಡಿಯನ್ನೇ ತೆರೆದು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ನೇರ ತೆಕ್ಕಟ್ಟೆಗೆ ಹೋದೆ. ವಿಷಯ ಹೇಳಿದೆ.

"ತೊಳದ್ರೆ ಕೆಸ್ರ್ ಹೋಪುದಲ್ದಾ?" ಎಂದರು ಆಕೆ.

"ಹೋಗುತ್ತದೆ. ಅರ್ಧ ಇಟ್ಟುಕೊಳ್ಳಿ."

ಅಟ್ಟದಿಂದ ಕಪ್ಪು ಕೆಸರಿನ ಜಾಡಿ ಇಳಿಸಿ ಮಡಿಲಲ್ಲಿಟ್ಟುಕೊಂಡರು. ಚಿತ್ರಕ್ಕೆ ಮೇಲಿನಿಂದ ಒಂದೆರಡು ಹಿಡಿ ತೆಗೆದಿದ್ದು ಬಿಟ್ಟರೆ ಅದು ಮೇಸ್ತ್ರಿ ತುಂಬಿಟ್ಟ ಹಾಗೆಯೇ ಇತ್ತು.

"ಅರ್ಧ ಎಂತಕೆ? ಪೂರಾ ಕಾಣಿ."

ಅಂಗಡಿಯ ಹಿಂದಿನ ಜಗಲಿಯಲ್ಲಿ ಬಕೆಟ್ಟಿನಲ್ಲಿ ನೀರಿಟ್ಟು, ಒಣಗಿ ಗಟ್ಟಿಯಾದ ಕೆಸರನ್ನು ನೆನೆಹಾಕಿದೆವು. ಕರಗಿದ ಮೇಲೆ ಹಿಟ್ಟಿನ ಜರಡಿಯಲ್ಲಿ ನಿಧಾನ ತೊಳೆದೆ. ಕಪ್ಪು ನೀರು ಅಂಗಳ ದಾಟಿ ಚರಂಡಿಗೆ ಇಳಿಯಿತು. ಆಕೆ ಜರಡಿಯ ಅಂಚು ಹಿಡಿದಿದ್ದರು. ಕೊನೆಗೆ ಉಳಿದದ್ದನ್ನು ಬಿಳಿ ಬಟ್ಟೆಯ ತುಂಡಿನ ಮೇಲೆ ಸುರಿದು, ಒಂದೊಂದಾಗಿ ಬಿಡಿಸಿಟ್ಟು ನೋಡಿದೆ. ನಂಬಿಕೆಯಾಗದೆ ಮಸೂರ ಹಿಡಿದು ಮತ್ತೆ ನೋಡಿದೆ. ಒಂದನ್ನು ಆಕೆಯ ಬ್ಲೇಡಿನಿಂದ ಬಿಡಿಸಿದೆ. ಆರು ಗಂಟಿನ ಜಾಡಿಯಲ್ಲಿ ಏಳು ಬಳಚುಗಳಿದ್ದವು. ನಾಲ್ಕರಲ್ಲಿ ಎರಡೂ ಹೋಳುಗಳು ಕೂಡಿಕೊಂಡು ಮುಚ್ಚಿದ್ದವು, ಬಿಡಿಸಿದ ಒಂದರ ಒಳಗೂ ಅದೇ ಕಪ್ಪು ಕೆಸರು ತುಂಬಿತ್ತು.